ಸಂಪಾದಕರ ಉತ್ತರ: ನಾಲ್ಕೂವರೆ ಸಾವಿರ ವರ್ಷ ಯಾರದು?

ಮಾನ್ಯರೇ,

ಕಳೆದ ಸಂಚಿಕೆಯ ‘ಕನ್ನಡಕ್ಕೆ 4500 ವರ್ಷ’ ಎಂಬ ಬರಹವನ್ನು ಓದಿ ನೀವು ಬರೆದ ನಾಲ್ಕು ಪುಟದ ಕಾಗದ ಕೈಸೇರಿದೆ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದ ತಾವು ಮೂರು ಪ್ರಶ್ನೆ ಕೇಳಿದ್ದೀರಿ. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450 ಎಂದು ಮಕ್ಕಳಿಗೆ ಹೇಳಿಕೊಟ್ಟದ್ದು ಹಾಗಾದರೆ ತಪ್ಪೇ? ವನ್ಯಜೀವಿ ಸಂಸ್ಥೆಯಲ್ಲಿರುವವರು ಕಂಪ್ಯೂಟರಿಗೆ ನೂರು ಪದ ಉಣಿಸಿ ಭಾಷೆಯ ಜಾತಕ ಬರೆಯುವುದನ್ನು ನಂಬುವುದು ಹೇಗೆ? ನಾಳೆ ಮತ್ತೊಬ್ಬರು ಬಂದು ಬೇರೊಂದು ಅಂಕಿ ಹೇಳಿದರೆ ಅದನ್ನೂ ಅಚ್ಚು ಹಾಕುವಿರಾ? ಕಾಗದದಲ್ಲಿ ಸಿಟ್ಟು ಇದೆ, ಆದರೆ ಪ್ರಶ್ನೆಗಳು ಸರಿಯಾಗಿವೆ. ಹಾಗಾಗಿ ಉತ್ತರ ತುಸು ಉದ್ದವಾದರೆ ಮನ್ನಿಸಬೇಕು.

ಮೊದಲು ನನ್ನ ತಪ್ಪು. ಆ ತಲೆಬರಹ ಲೇಖಕರದಲ್ಲ, ನನ್ನದು. ಅವರು ಕಳುಹಿಸಿದ ಪ್ರತಿಯಲ್ಲಿ ‘ದ್ರಾವಿಡ ಭಾಷಾ ಕುಟುಂಬದ ವಯಸ್ಸು ಸುಮಾರು 4500 ವರ್ಷ’ ಎಂದಿತ್ತು. ಅದು ಪುಟದ ಅಗಲಕ್ಕೆ ಹಿಡಿಸಲಿಲ್ಲ. ಅಚ್ಚಿಗೆ ಹೋಗುವ ಹೊತ್ತಿನ ಅವಸರದಲ್ಲಿ ‘ದ್ರಾವಿಡ ಭಾಷಾ ಕುಟುಂಬ’ವನ್ನು ಹೊಡೆದುಹಾಕಿ ‘ಕನ್ನಡ’ ಎಂದು ಬರೆದೆ. ‘ಸುಮಾರು’ ಎಂಬ ಪದವೂ ಅದರ ಜೊತೆಗೇ ಹೋಯಿತು. ಮುತ್ತಜ್ಜಿಯ ವಯಸ್ಸನ್ನು ಮರಿಮಗಳಿಗೆ ಹಚ್ಚಿದಂತಾಯಿತು.

ಈಗ ಸಂಶೋಧನೆಯ ವಿಷಯ. 2018ರ ಮಾರ್ಚ್‌ನಲ್ಲಿ ‘ರಾಯಲ್ ಸೊಸೈಟಿ ಓಪನ್ ಸೈನ್ಸ್’ ಎಂಬ ನಿಯತಕಾಲಿಕದಲ್ಲಿ ಪ್ರಕಟವಾದ ಪ್ರಬಂಧ ಅದು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ವಿಷ್ಣುಪ್ರಿಯಾ ಕೊಲಿಪಾಕಂ, ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಅನ್ನೆಮರಿ ವೆರ್ಕೆರ್ಕ್ ಮತ್ತು ಅವರ ಸಂಗಡಿಗರು ಇಪ್ಪತ್ತು ದ್ರಾವಿಡ ಭಾಷೆಗಳನ್ನು ಆಡುವ ಜನರಿಂದಲೇ ತಲಾ ನೂರು ಮೂಲಪದಗಳನ್ನು (ಯಾವ ನುಡಿಯಲ್ಲೂ ಇರುವ ದಿನಬಳಕೆಯ ಪದಗಳನ್ನು) ಕೇಳಿ ಸಂಗ್ರಹಿಸಿ, ಅವುಗಳ ಆಧಾರದ ಮೇಲೆ ಭಾಷೆಗಳ ವಂಶವೃಕ್ಷವನ್ನು ಕಟ್ಟಿದರು. ವನ್ಯಜೀವಿ ಸಂಸ್ಥೆಯವರಿಗೆ ಭಾಷೆಯ ಗೊಡವೆ ಏಕೆ ಎಂಬ ನಿಮ್ಮ ಕುಟುಕಿಗೆ ಉತ್ತರ ಇಲ್ಲೇ ಇದೆ. ಜೀವಿಗಳ ವಂಶವೃಕ್ಷ ಕಟ್ಟಲು ಜೀವವಿಜ್ಞಾನಿಗಳು ಬಳಸುವ ಗಣಿತವೇ ಇಲ್ಲಿ ಭಾಷೆಗೆ ಬಳಕೆಯಾಗಿದೆ. ಎರಡು ಪ್ರಾಣಿಗಳು ಎಷ್ಟು ಲಕ್ಷಣಗಳನ್ನು ಹಂಚಿಕೊಂಡಿವೆ ಎಂದು ನೋಡುವ ಹಾಗೆ, ಎರಡು ಭಾಷೆಗಳು ಒಂದೇ ಬೇರಿನ ಎಷ್ಟು ಪದಗಳನ್ನು ಉಳಿಸಿಕೊಂಡಿವೆ ಎಂದು ಎಣಿಸುವುದು ಇದರ ಮೊದಲ ಹೆಜ್ಜೆ.

ಆ ಎಣಿಕೆಯನ್ನು ಹತ್ತಿರದಿಂದ ನೋಡಿದರೆ ನಿಮಗೆ ಅದು ಹೊಸದೆನಿಸುವುದಿಲ್ಲ. ‘ಹಾಲು’ ಪದವನ್ನೇ ತೆಗೆದುಕೊಳ್ಳಿ. (ಉದಾಹರಣೆ ನನ್ನದು.) ತಮಿಳು, ಮಲಯಾಳಗಳಲ್ಲಿ ‘ಪಾಲ್’, ತೆಲುಗಿನಲ್ಲಿ ‘ಪಾಲು’, ತುಳುವಿನಲ್ಲಿ ‘ಪೇರ್’, ಬಸ್ತರಿನ ಕಡೆಯ ಪರ್ಜಿಯಲ್ಲಿ ‘ಪೇಲ್’. ಕಿವಿಗೆ ಕನ್ನಡದ ‘ಹಾಲು’ ಇವುಗಳಿಂದ ದೂರ ಎನಿಸುತ್ತದೆ. ಆದರೆ ಪಂಪನ ಕಾಲಕ್ಕೆ ಅದು ‘ಪಾಲ್’ ಆಗಿತ್ತೆಂದೂ, ಪದದ ಮೊದಲಿನ ಪಕಾರ ಕನ್ನಡದಲ್ಲಿ ಕ್ರಮೇಣ ಹಕಾರವಾಯಿತೆಂದೂ ತಾವು ತರಗತಿಯಲ್ಲಿ ಎಷ್ಟು ಸಲ ಹೇಳಿರುವಿರೋ. ಆದ್ದರಿಂದ ಇವೆಲ್ಲ ಜ್ಞಾತಿಪದಗಳು, ಅಂದರೆ ಒಂದೇ ಬೇರಿನವು, ಎಣಿಕೆಯಲ್ಲಿ ಎಲ್ಲಕ್ಕೂ ಒಂದೇ ಗುರುತು. ‘ನಾಯಿ’ಗೆ ಬಂದರೆ ಕನ್ನಡ, ತಮಿಳು, ತುಳುಗಳು ಒಂದು ಕಡೆ ನಿಲ್ಲುತ್ತವೆ, ‘ಕುಕ್ಕ’ ಎನ್ನುವ ತೆಲುಗು ಬೇರೆ ಕಡೆ. ‘ಕೆರೆ’ಯೂ ತೆಲುಗಿನ ‘ಚೆರುವು’ವೂ ಒಂದೇ ಎಂದು ಕಾಣಬೇಕಾದರೆ ತೆಲುಗಿನಲ್ಲಿ ಇಕಾರ, ಎಕಾರಗಳ ಮುಂದೆ ಕಕಾರ ಚಕಾರವಾಗುತ್ತದೆ ಎಂಬ ನಿಯಮ ಗೊತ್ತಿರಬೇಕು. ನಮ್ಮ ‘ಕಿವಿ’ ಅವರಿಗೆ ‘ಚೆವಿ’ಯಾದದ್ದೂ ಹಾಗೆಯೇ.

ಮೋಸಹೋಗುವ ಜಾಗಗಳೂ ಇವೆ. ಕನ್ನಡದ ‘ಸೂರ್ಯ’, ತೆಲುಗಿನ ‘ಸೂರ್ಯುಡು’ ಅಕ್ಕತಂಗಿಯರಂತೆ ಕಂಡರೂ ಎರಡೂ ಸಂಸ್ಕೃತದಿಂದ ಬಂದವು, ಎಣಿಕೆಗೆ ಸಲ್ಲವು. ಹಳಗನ್ನಡದ ‘ನೇಸರ್’ ಮತ್ತು ತಮಿಳಿನ ‘ಞಾಯಿಱು’ ನೋಡಲು ಏನೂ ಹೋಲಿಕೆಯಿಲ್ಲದಿದ್ದರೂ ಒಡಹುಟ್ಟಿದವು. ‘ಭಾಗ’ ಎಂಬರ್ಥದ ಕನ್ನಡದ ‘ಪಾಲು’ ತೆಲುಗಿನ ಹಾಲಿನಂತೆಯೇ ಕೇಳಿಸುತ್ತದೆ, ಅವುಗಳಿಗೆ ನಂಟಿಲ್ಲ. ಇದನ್ನೆಲ್ಲ ತೀರ್ಮಾನಿಸಬೇಕಾದವರು ಮನುಷ್ಯರು. ಆ ತೀರ್ಮಾನಗಳ ಹಿಂದೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ಕೈಕೆಲಸವಿದೆ: 1856ರಲ್ಲಿ ಕಾಲ್ಡ್‌ವೆಲ್ ಬರೆದ ತೌಲನಿಕ ವ್ಯಾಕರಣ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು, 1961ರಲ್ಲಿ ಮೊದಲು ಬಂದು 1984ರಲ್ಲಿ ಪರಿಷ್ಕೃತವಾದ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು, ಭದ್ರಿರಾಜು ಕೃಷ್ಣಮೂರ್ತಿಯವರು ಜೀವಮಾನವಿಡೀ ಮಾಡಿದ ದ್ರಾವಿಡ ಭಾಷೆಗಳ ವರ್ಗೀಕರಣ. ಕಂಪ್ಯೂಟರು ಜಾತಕ ಬರೆದದ್ದೇನೋ ನಿಜ, ಹುಟ್ಟಿದ ಗಳಿಗೆಯನ್ನು ಹೇಳಿಕೊಟ್ಟವರು ಈ ಹಳಬರು.

ಎಣಿಕೆಯಾದ ಮೇಲೆ ಕಾಲವನ್ನು ಲೆಕ್ಕ ಹಾಕುವುದು ಹೇಗೆ? 1950ರ ದಶಕದಲ್ಲಿ ಅಮೆರಿಕದ ಮೋರಿಸ್ ಸ್ವಾದೇಶ್ ಒಂದು ಸರಳ ದಾರಿ ಹೇಳಿದ್ದರು. ಮೂಲಪದಗಳು ಎಲ್ಲ ಭಾಷೆಗಳಲ್ಲಿಯೂ ಒಂದೇ ವೇಗದಲ್ಲಿ ಸವೆಯುತ್ತವೆ, ಸಾವಿರ ವರ್ಷಕ್ಕೆ ನೂರರಲ್ಲಿ ಸುಮಾರು 86 ಉಳಿಯುತ್ತವೆ ಎಂಬುದು ಅವರ ಲೆಕ್ಕ. 1962ರಲ್ಲಿ ಬರ್ಗ್‌ಸ್ಲಂಡ್ ಮತ್ತು ವೋಗ್ಟ್ ಎಂಬ ಭಾಷಾವಿಜ್ಞಾನಿಗಳು ಅದನ್ನು ಕೆಡವಿದರು. ಐಸ್‌ಲ್ಯಾಂಡಿನ ಭಾಷೆ ಸಾವಿರ ವರ್ಷದಲ್ಲಿ ಬದಲಾಗಿದ್ದು ಅತ್ಯಲ್ಪ, ಅದೇ ಬೇರಿನ ನಾರ್ವೆಯ ಭಾಷೆ ಬದಲಾಗಿದ್ದು ಬಹಳ ಎಂದು ತೋರಿಸಿದರು. ಈಗಿನ ವಿಧಾನ ಈ ಪೆಟ್ಟನ್ನು ನೆನಪಿಟ್ಟುಕೊಂಡು ಹುಟ್ಟಿದ್ದು. ಒಂದೊಂದು ಕವಲೂ ತನ್ನದೇ ವೇಗದಲ್ಲಿ ಬದಲಾಗಬಹುದೆಂದು ಅದು ಒಪ್ಪಿಕೊಳ್ಳುತ್ತದೆ, ಶಾಸನಗಳಂತಹ ಹೊರಗಿನ ಸಾಕ್ಷ್ಯದಿಂದ ತಿಳಿದಿರುವ ಕಾಲಗಳನ್ನು ಗೂಟದಂತೆ ನೆಟ್ಟುಕೊಳ್ಳುತ್ತದೆ. ಆಮೇಲೆ ಒಂದೇ ಮರವನ್ನು ಕೊಡದೆ ಸಾವಿರಾರು ಮರಗಳನ್ನು ಬೆಳೆಸಿ, ಯಾವುದು ಎಷ್ಟು ಸಂಭಾವ್ಯ ಎಂದು ತೂಗುತ್ತದೆ. ಆ ತೂಕದ ನಡುವಿನ ಬಿಂದು 4500. ಅದರ ಹಿಂದಕ್ಕೂ ಮುಂದಕ್ಕೂ ಶತಮಾನಗಳಷ್ಟಲ್ಲ, ಸಹಸ್ರಮಾನಗಳಷ್ಟೇ ಅಗಲದ ಅಂಚುಗಳಿವೆ. ಪತ್ರಿಕೆಗಳಲ್ಲಿ ಬಿಂದು ಉಳಿದು ಅಂಚು ಕತ್ತರಿಸಿಹೋಗುತ್ತದೆ, ನನ್ನ ಕೈಯಲ್ಲಿ ‘ಸುಮಾರು’ ಹೋದಂತೆ.

ಪ್ರಬಂಧದವರು ತಮ್ಮ ಸಂದೇಹಗಳನ್ನು ಮುಚ್ಚಿಟ್ಟಿಲ್ಲ. ದಕ್ಷಿಣದ ಎರಡು, ಮಧ್ಯದ ಒಂದು, ಉತ್ತರದ ಒಂದು ಹೀಗೆ ಕೃಷ್ಣಮೂರ್ತಿಯವರು ಗುರುತಿಸಿದ್ದ ನಾಲ್ಕು ಗುಂಪುಗಳು ಈ ಲೆಕ್ಕದಲ್ಲಿಯೂ ಮೇಲೆದ್ದಿವೆ. ಆದರೆ ಆ ನಾಲ್ಕರಲ್ಲಿ ಯಾವುದು ಮೊದಲು ಕವಲೊಡೆಯಿತು ಎಂಬುದು ಸ್ಪಷ್ಟವಿಲ್ಲ ಎಂದು ಅವರೇ ಹೇಳಿದ್ದಾರೆ. ಈ ಕುಟುಂಬದಲ್ಲಿ ಸುಮಾರು ಎಂಬತ್ತು ನುಡಿಗಳಿದ್ದು ಲೆಕ್ಕಕ್ಕೆ ಸಿಕ್ಕಿದ್ದು ಇಪ್ಪತ್ತು ಮಾತ್ರ ಎಂಬುದನ್ನೂ ಮರೆಯುವಂತಿಲ್ಲ.

ಹಲ್ಮಿಡಿಯ ಬಗ್ಗೆ ನೀವು ಕಲಿಸಿದ್ದು ತಪ್ಪಲ್ಲ. 1936ರಲ್ಲಿ ಬೇಲೂರು ತಾಲ್ಲೂಕಿನಲ್ಲಿ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದ ಆ ಕಲ್ಲು ಕನ್ನಡ ಬರಹದ ಸಾಕ್ಷಿ. 2013ರಲ್ಲಿ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಅದಕ್ಕಿಂತಲೂ ಹಿಂದಿನದು, ಕ್ರಿ.ಶ. 370ರದು ಎಂಬ ವಾದವಿದೆ. ಆ ಚರ್ಚೆಯೂ ಬರಹದ ಕಾಲದ್ದೇ. ಜನ ಕನ್ನಡ ಆಡತೊಡಗಿದ್ದು ಅದನ್ನು ಕಲ್ಲಿನಲ್ಲಿ ಕೊರೆಯುವುದಕ್ಕಿಂತ ಬಹಳ ಮೊದಲು. ಇನ್ನು 4500 ಎಂಬ ಅಂಕಿ ಹೇಳುವುದು ಕನ್ನಡ, ತಮಿಳು, ತೆಲುಗು, ಬಲೂಚಿಸ್ತಾನದ ಬ್ರಾಹುಯಿ ಎಲ್ಲವೂ ಇನ್ನೂ ಒಂದಾಗಿದ್ದು ಬೇರ್ಪಡತೊಡಗಿದ ಕಾಲವನ್ನು. ಆಗ ಕನ್ನಡವೂ ಇರಲಿಲ್ಲ, ತಮಿಳೂ ಇರಲಿಲ್ಲ. 2025ರಲ್ಲಿ ಸಿನಿಮಾ ನಟರೊಬ್ಬರು ಕನ್ನಡ ತಮಿಳಿನಿಂದ ಹುಟ್ಟಿತು ಎಂದಾಗ ಎದ್ದ ಗದ್ದಲದಲ್ಲಿ ಎರಡೂ ಕಡೆಯವರು ಇದೇ ಅಂಕಿಯನ್ನು ಆಯುಧ ಮಾಡಿಕೊಂಡದ್ದನ್ನು ನಾನು ಕಂಡಿದ್ದೇನೆ. ಒಂದೇ ತಾಯಿಬೇರಿನ ಎರಡು ಕವಲುಗಳಲ್ಲಿ ಒಂದನ್ನು ಇನ್ನೊಂದರ ತಾಯಿ ಎನ್ನಲು ಈ ಮರದಲ್ಲಿ ಎಡೆಯೇ ಇಲ್ಲ.

ಮೂರನೆಯ ಪ್ರಶ್ನೆ: ಬೇರೆ ಅಂಕಿ ಬಂದರೆ? ಬಂದೇ ಬರುತ್ತದೆ. ಸಂಸ್ಕೃತ, ಹಿಂದಿ, ಇಂಗ್ಲಿಷ್‌ಗಳೆಲ್ಲ ಸೇರಿದ ಇಂಡೋ-ಯುರೋಪಿಯನ್ ಭಾಷೆಗಳ ವಿಷಯದಲ್ಲಿ ಆಗಲೇ ಆಗಿದೆ. 2003ರಲ್ಲಿ ಗ್ರೇ ಮತ್ತು ಅಟ್ಕಿನ್ಸನ್ ಇದೇ ಬಗೆಯ ಲೆಕ್ಕದಿಂದ ಆ ಕುಟುಂಬಕ್ಕೆ 7800ರಿಂದ 9800 ವರ್ಷ ಎಂದರು. 2015ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳು, ಲ್ಯಾಟಿನ್ನಿನಂತಹ ಕೆಲವು ಹಳೆಯ ಭಾಷೆಗಳನ್ನು ಇಂದಿನ ಭಾಷೆಗಳ ನೇರ ಪೂರ್ವಜರೆಂದು ಮೊದಲೇ ಗೊತ್ತುಮಾಡಿಕೊಂಡು ಲೆಕ್ಕ ಹಾಕಿದಾಗ, ಅದು ಸುಮಾರು 6500ಕ್ಕೆ ಇಳಿಯಿತು. 2023ರಲ್ಲಿ ಇನ್ನೊಂದು ದೊಡ್ಡ ತಂಡ ಹೊಸ ಪದಪಟ್ಟಿ ಮಾಡಿ ಸುಮಾರು 8100 ಎಂದಿತು. ವಿಧಾನದ ಬಗೆ ಒಂದೇ, ಒಳಗೆ ಒಪ್ಪಿಕೊಂಡ ಊಹೆಗಳು ಬೇರೆ, ಹೊರಬಂದ ಅಂಕಿಗಳೂ ಬೇರೆ. ಇದರಿಂದ ವಿಧಾನವೇ ಠಕ್ಕು ಎಂದು ನನಗೆ ಅನ್ನಿಸುವುದಿಲ್ಲ. ಊಹೆ ಎಲ್ಲಿದೆ ಎಂದು ಎದುರಾಳಿ ಬೆರಳಿಟ್ಟು ತೋರಿಸುವಂತೆ ಕೆಲಸವನ್ನು ಬಿಚ್ಚಿಟ್ಟಿದ್ದಾರಲ್ಲ, ಅಷ್ಟು ಸಾಕು. ಹೊಸ ಅಂಕಿ ಬಂದರೆ ಅದನ್ನೂ ಅಚ್ಚು ಹಾಕುತ್ತೇವೆ, ಹಿಂದಿನದರ ಪಕ್ಕದಲ್ಲಿಟ್ಟು.

ಕಾಗದದ ಕೊನೆಯಲ್ಲಿ, ಕರಾವಳಿಯ ಕೊರಗ ಸಮುದಾಯದವರ ವಂಶವಾಹಿಗಳಲ್ಲಿ 4400 ವರ್ಷ ಹಿಂದಿನ ಒಂದು ಅಂಶ ಕಂಡುಬಂದಿದೆಯೆಂಬ ಈಚಿನ ಸುದ್ದಿಯನ್ನು ಕತ್ತರಿಸಿ ಅಂಟಿಸಿ, ‘ಎರಡೂ ಅಂಕಿ ತಾಳೆಯಾದವಲ್ಲ’ ಎಂದು ಬರೆದಿದ್ದೀರಿ. ಅದು ಕುತೂಹಲದ ಸಂಶೋಧನೆಯೇ ಹೌದು. ಆದರೆ ಎರಡು ಅಂಕಿ ಹತ್ತಿರ ಬಂದ ಮಾತ್ರಕ್ಕೆ ಕೈಜೋಡಿಸಿ ಮದುವೆ ಮಾಡಿಸಲು ನನಗೆ ಧೈರ್ಯ ಸಾಲದು. ರಕ್ತದಲ್ಲಿ ಬರುವುದು ವಂಶ, ನಾಲಗೆಗೆ ಬರುವುದು ನೆರೆಹೊರೆ. ಒಂದೆರಡು ತಲೆಮಾರಿನಲ್ಲಿ ಮನೆಮಾತು ಬದಲಿಸಿದ ಕುಟುಂಬಗಳನ್ನು ನೀವೂ ನಾನೂ ನಮ್ಮ ಬೀದಿಯಲ್ಲೇ ಕಂಡಿದ್ದೇವೆ. ಆ ಸಂಶೋಧನೆಯ ಬಗ್ಗೆ ತಿಳಿದವರಿಂದ ಪ್ರತ್ಯೇಕ ಲೇಖನವನ್ನೇ ಬರೆಸುವ ವಿಚಾರವಿದೆ.

ಈ ಸಂಚಿಕೆಯ ಎರಡನೆಯ ಪುಟದಲ್ಲಿ ತಿದ್ದುಪಡಿ ಹೀಗೆ ಅಚ್ಚಾಗಿದೆ: ‘ಕಳೆದ ಸಂಚಿಕೆಯ ತಲೆಬರಹದಲ್ಲಿ ಕನ್ನಡಕ್ಕೆ 4500 ವರ್ಷ ಎಂದದ್ದು ತಪ್ಪು. ಆ ಅಂಕಿ ದ್ರಾವಿಡ ಭಾಷಾ ಕುಟುಂಬಕ್ಕೆ ಸಂಬಂಧಿಸಿದ್ದು, ಅದೂ ಸುಮಾರು ಎಂದು ತಿಳಿಯಬೇಕು.’ ಈ ಸಲ ಅಕ್ಷರ ಸಣ್ಣದು ಮಾಡಿ ಪೂರ್ತಿ ಹಿಡಿಸಿದ್ದೇವೆ.

ವಿಶ್ವಾಸಿ,
ಸಂಪಾದಕ