ಇಬ್ಬರು ಸೇರಿ ಪದಬಂಧ ಬಿಡಿಸುವಾಗ ಪೆನ್ಸಿಲ್ ಯಾರ ಕೈಲಿರಬೇಕು?

ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ಓದಿದೆ. ನೀವೂ ನಿಮ್ಮ ಗೆಳತಿಯೂ ಎರಡು ತಿಂಗಳಿಂದ ದಿನಾ ಪೇಪರಿನ ಪದಬಂಧ ಒಟ್ಟಿಗೆ ಬಿಡಿಸುತ್ತಿದ್ದೀರಿ. ಸುಳಿವು ಓದಿ ಮುಗಿಯುವ ಮೊದಲೇ ಅವರು ಉತ್ತರ ಹೇಳಿಬಿಡುತ್ತಾರೆ, ನೀವು ಪಕ್ಕದಲ್ಲಿ ಸುಮ್ನೆ ಕೂರುತ್ತೀರಿ. "ನನಗೆ ಗೊತ್ತಿರುವ ಪದಗಳೇ ಕಡಿಮೆ, ಬಿಟ್ಟುಬಿಡಲಾ?" ಅಂತ ಕೇಳಿದ್ದೀರಿ.

ಬಿಡಬೇಡಿ. ನಾನೂ ನನ್ನ ಗೆಳೆಯನೂ ಹನ್ನೊಂದು ವರ್ಷದಿಂದ ಒಟ್ಟಿಗೆ ಪದಬಂಧ ಬಿಡಿಸುತ್ತಿದ್ದೇವೆ. ಮೊದಲ ಕೆಲವು ತಿಂಗಳು ನಮ್ಮದೂ ಇದೇ ಕಥೆ. ಅವನಿಗೆ ಪುರಾಣ, ಹಳೆಯ ಕಾವ್ಯದ ಪದಗಳು ನಾಲಿಗೆ ತುದಿಯಲ್ಲಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಬರೆದಾಗಿರುತ್ತಿತ್ತು. ಒಂದು ದಿನ ಅವನೇ ಪೆನ್ಸಿಲ್ ನನ್ನ ಕೈಗೆ ಕೊಟ್ಟು, "ಇನ್ನು ನೀನೇ ಬರಿ. ನಿನಗೆ ಒಪ್ಪಿಗೆ ಆಗದೆ ಒಂದಕ್ಷರವೂ ಪದಬಂಧದ ಮನೆಗೆ ಇಳಿಯಬಾರದು" ಅಂದ. ಅವತ್ತಿಂದ ಆಟವೇ ಬದಲಾಯಿತು.

ಹಾಗಾಗಿ ನಾನು ಮೊದಲು ಹೇಳುವುದು ಇದು: ಒಂದೇ ಪೇಪರ್, ಒಂದೇ ಪೆನ್ಸಿಲ್, ಮತ್ತು ಪೆನ್ಸಿಲ್ ನಿಮ್ಮ ಕೈಲಿರಲಿ. ನಿಧಾನದವರು ಬರೆದರೆ ಬೇಗದವರು ತಾವಾಗಿಯೇ ನಿಲ್ಲುತ್ತಾರೆ. ಉತ್ತರ ಯಾಕೆ ಅದು ಅಂತ ನಿಮಗೆ ಬಿಡಿಸಿ ಹೇಳಲೇಬೇಕಾಗುತ್ತದೆ. ಆ ಮಾತಿನಲ್ಲೇ ಅರ್ಧ ಖುಷಿ ಇದೆ. ಕೆಲವರು "ಎಡದಿಂದ ಬಲಕ್ಕೆ ನಿನ್ನದು, ಮೇಲಿನಿಂದ ಕೆಳಕ್ಕೆ ನನ್ನದು" ಅಂತ ಪಾಲು ಮಾಡಿಕೊಳ್ಳುತ್ತಾರೆ. ನಾವೂ ಒಂದು ವಾರ ಹಾಗೆ ಮಾಡಿ ನೋಡಿದೆವು. ಇಬ್ಬರೂ ತಲೆ ತಗ್ಗಿಸಿಕೊಂಡು ಒಂಟಿಯಾಗಿ ಕೂತಿದ್ದೆವು, ಮಾತೇ ಇಲ್ಲ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಪದಗಳು ಕಡಿಮೆ ಅನ್ನುವ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನ್ನನ್ನು ಕಾಪಾಡಿದ್ದು ಇದೇ.

ಕನ್ನಡ ಪದಬಂಧದಲ್ಲಿ "ತಾವರೆ (3)" ಅನ್ನುವ ಸುಳಿವು ಎಷ್ಟು ಸಲ ಬರುತ್ತದೆ ನೋಡಿ. ಉತ್ತರ ಕಮಲ ಇರಬಹುದು, ನಳಿನ ಇರಬಹುದು, ರಾಜೀವ ಇರಬಹುದು. ಜಲಜ, ನೀರಜ, ವಾರಿಜ, ಅಂಬುಜ, ಪಂಕಜ, ಸರೋಜ ಕೂಡ ಇರಬಹುದು. ಎಲ್ಲವೂ ಮೂರೇ ಅಕ್ಷರ. ಇಷ್ಟನ್ನು ಬಾಯಿಪಾಠ ಮಾಡುವುದು ಹೇಗೆ ಅಂತ ನಾನೂ ಕಂಗಾಲಾಗಿದ್ದೆ. ಆಗ ಗೆಳೆಯ ಪೇಪರಿನ ಅಂಚಿನಲ್ಲಿ ನಾಲ್ಕು ಪದ ಬರೆದ: ಜಲ, ನೀರ, ವಾರಿ, ಅಂಬು. ನಾಲ್ಕಕ್ಕೂ ನೀರು ಅಂತಲೇ ಅರ್ಥ. ಪಕ್ಕದಲ್ಲಿ "ಜ" ಅಂತ ಬರೆದ. ಜ ಅಂದರೆ ಹುಟ್ಟಿದ್ದು. ನೀರಲ್ಲಿ ಹುಟ್ಟಿದ್ದು ತಾವರೆ. ಪಂಕ ಅಂದರೆ ಕೆಸರು, ಅದರಲ್ಲಿ ಹುಟ್ಟಿದ್ದು ಪಂಕಜ. ಸರೋವರದಲ್ಲಿ ಹುಟ್ಟಿದ್ದು ಸರೋಜ.

ಆಮೇಲೆ ಜ ಅಳಿಸಿ "ದ" ಬರೆದ. ದ ಅಂದರೆ ಕೊಡುವುದು. ನೀರು ಕೊಡುವುದು ಯಾವುದು? ಮೋಡ. ಜಲದ, ನೀರದ, ವಾರಿದ, ಅಂಬುದ. ದ ಅಳಿಸಿ "ಧಿ" ಬರೆದ. ಕಡಲು ಬಂತು: ಜಲಧಿ, ನೀರಧಿ, ವಾರಿಧಿ, ಅಂಬುಧಿ. ನಾಲ್ಕು ಪದ, ಮೂರು ಬಾಲ, ಹನ್ನೆರಡು ಉತ್ತರ. ಎಲ್ಲಾ ಮೂರು ಮನೆಯವೇ. ಆ ಪೇಪರಿನ ಅಂಚನ್ನು ಹರಿದು ನಾನು ತುಂಬಾ ದಿನ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಪದ ಗೊತ್ತಿಲ್ಲ ಅನ್ನುವ ಹೆದರಿಕೆ ಅವತ್ತು ಹೋಯಿತು. ಒಂದು ಚಿಕ್ಕ ನೋಟ್‌ಬುಕ್ ಮಾಡಿ, ಇಂಥವನ್ನು ಅಕ್ಷರದ ಲೆಕ್ಕದ ಪ್ರಕಾರ ಬರೆದಿಡಿ. ಆನೆಗೆ ಎರಡು ಮನೆ ಅಂದರೆ ಗಜ, ಕರಿ, ದಂತಿ, ಹಸ್ತಿ. ಅರ್ಜುನನಿಗೆ ಮೂರು ಅಂದರೆ ಕಿರೀಟಿ, ಫಲ್ಗುಣ, ವಿಜಯ, ಎರಡು ಅಂದರೆ ಪಾರ್ಥ, ನಾಲ್ಕು ಅಂದರೆ ಧನಂಜಯ, ಸವ್ಯಸಾಚಿ. ಇವು ತಿರುಗಿ ತಿರುಗಿ ಬರುತ್ತವೆ. ಆರು ತಿಂಗಳಲ್ಲಿ ನಿಮ್ಮ ಕೈ ಎಷ್ಟು ಓಡುತ್ತದೆ ಅಂತ ನೀವೇ ನೋಡಿ.

ಲೆಕ್ಕದ ಬಗ್ಗೆ ಹೊಸಬರಿಗೆ ಒಂದು ಮಾತು. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಕಾಗುಣಿತ, ಒತ್ತು, ಸೊನ್ನೆ ಎಲ್ಲಾ ಸೇರಿ. ಕನ್ನಡಿ ಅಂದರೆ ಕ, ನ್ನ, ಡಿ, ಮೂರು ಮನೆ. ಚಂದ್ರ ಎರಡೇ ಮನೆ. ಇದರಿಂದ ಒಂದು ದೊಡ್ಡ ಅನುಕೂಲ ಇದೆ. ಇಂಗ್ಲಿಷ್ ಪದಬಂಧದಲ್ಲಿ ದಾಟಿ ಹೋಗುವ ಪದದಿಂದ ಸಿಗುವುದು ಇಪ್ಪತ್ತಾರರಲ್ಲಿ ಒಂದು ಅಕ್ಷರ. ನಮ್ಮಲ್ಲಿ ಸಿಗುವುದು ಗುಣಿತ, ಒತ್ತು ಸಮೇತ ನೂರಾರರಲ್ಲಿ ಒಂದು. ಎರಡು ಮನೆಯ ಪದದ ಕೊನೆಗೆ "ಸ್ತ್ರ" ಬಂತು ಅಂದುಕೊಳ್ಳಿ. ಅಸ್ತ್ರ, ಶಸ್ತ್ರ, ವಸ್ತ್ರ, ಶಾಸ್ತ್ರ, ಅಲ್ಲಿಗೆ ಹೆಚ್ಚು ಕಮ್ಮಿ ಮುಗಿಯಿತು. ಆದ್ದರಿಂದ ಗೊತ್ತಿಲ್ಲದ ಪದದ ಮುಂದೆ ಕೂತು ಒದ್ದಾಡಬೇಡಿ. ಅದನ್ನು ದಾಟಿ ಹೋಗುವ ಪದಗಳನ್ನು ಮೊದಲು ಬಿಡಿಸಿ. ಒತ್ತಕ್ಷರ ಎಲ್ಲಿ ಸಿಗುತ್ತದೋ ಅಲ್ಲಿಂದ ಮುಂದೆ ಹೋಗಿ.

ಪೆನ್ ಬೇಡ. ನಾನೊಮ್ಮೆ ತಾವರೆಗೆ ಪೆನ್ನಿನಲ್ಲಿ ಕಮಲ ಬರೆದು ಆ ಮೂಲೆಯ ಐದು ಪದ ಕೆಟ್ಟಿದ್ದವು. ಉತ್ತರ ನಳಿನ ಆಗಿತ್ತು. ಈಗ ಅನುಮಾನ ಇರುವ ಅಕ್ಷರವನ್ನು ಮನೆಯ ಮೂಲೆಯಲ್ಲಿ ಚಿಕ್ಕದಾಗಿ ಬರೆಯುತ್ತೇನೆ, ದಾಟಿ ಹೋಗುವ ಪದ ಹೌದು ಅಂದ ಮೇಲೆ ದೊಡ್ಡದಾಗಿ. 1924ರಲ್ಲಿ ಅಮೆರಿಕದಲ್ಲಿ ಮೊದಲ ಪದಬಂಧ ಪುಸ್ತಕ ಬಂದಾಗ ಪ್ರಕಾಶಕರು ಅದರ ಜೊತೆ ಒಂದು ಪೆನ್ಸಿಲನ್ನೂ ಸೇರಿಸಿ ಮಾರಿದ್ದರು. ಆಟ ಗೊತ್ತಿದ್ದವರು ಮಾಡಿದ ಕೆಲಸ ಅದು.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು "ಇದೆಲ್ಲಾ ಟೈಮ್ ವೇಸ್ಟ್" ಅಂತ ಬರೆದಿದ್ದಾರೆ. ಆರ್ಥರ್ ವಿನ್ ಮಾಡಿದ ಮೊದಲ ಪದಬಂಧ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಬಂದಿದ್ದು 1913ರ ಡಿಸೆಂಬರ್ 21ರಂದು. ಹನ್ನೊಂದು ವರ್ಷದ ನಂತರ ನ್ಯೂಯಾರ್ಕ್ ಟೈಮ್ಸ್ ಇದನ್ನು ಹೊತ್ತು ಹಾಳು ಮಾಡುವ ಆಟ ಅಂತ ಬೈದು ಬರೆಯಿತು. 1942ರ ಫೆಬ್ರವರಿಯಲ್ಲಿ, ಯುದ್ಧದ ನಡುವೆ, ಅದೇ ಪತ್ರಿಕೆ ತಾನೂ ಶುರು ಮಾಡಿತು. ಜನರಿಗೆ ದಿನದ ಸುದ್ದಿಯ ಭಾರ ಇಳಿಸಲು ಏನಾದರೂ ಬೇಕು ಅಂತ ಅವರಿಗೂ ಅನಿಸಿತ್ತು. ನನಗೂ ಹಾಗೇ. ಪೇಪರಿನ ಉಳಿದ ಪುಟ ಓದಿ ಮನಸ್ಸು ಭಾರವಾದಾಗ ಆ ಕಪ್ಪು ಬಿಳಿ ಚೌಕ ಒಂದು ಆಸರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಗೆಳತಿಗೆ ಉತ್ತರ ಮೊದಲೇ ಹೊಳೆದರೆ ಏನು ಮಾಡಬೇಕು? ಬಾಯಿ ಮುಚ್ಚಿಕೊಂಡು ಕೂತರೆ ಅವರಿಗೆ ಹಿಂಸೆ. ಹೇಳಿಬಿಟ್ಟರೆ ನಿಮಗೆ ಬೇಜಾರು. ನಮ್ಮಲ್ಲಿ ಮೂರು ಮೆಟ್ಟಿಲು ಇದೆ. ಮೊದಲು ಸುಳಿವಿನ ಯಾವ ಪದವನ್ನು ಗಮನಿಸಬೇಕು ಅಂತ ಮಾತ್ರ ಹೇಳುವುದು. ಅದರಿಂದ ಆಗದಿದ್ದರೆ ಸುಳಿವಿನ ಜಾತಿ ಹೇಳುವುದು: ಇದು ತಿರುಗುಮುರುಗು, ಇದು ಎರಡು ಅರ್ಥದ್ದು, ಹೀಗೆ. ಕೊನೆಗೆ ಒಂದು ಅಕ್ಷರ, ಅದೂ ನಡುವಿನದು. ಮೊದಲ ಅಕ್ಷರ ಕೊಟ್ಟರೆ ಪದ ತಾನಾಗಿ ಬಾಯಿಗೆ ಬಂದುಬಿಡುತ್ತದೆ, ಹುಡುಕಿದ ಸುಖ ಸಿಗುವುದಿಲ್ಲ.

ಉದಾಹರಣೆಗೆ "ಹೊಳೆ ಹಿಂದಕ್ಕೆ ಹರಿದರೆ ಇಪ್ಪತ್ತನಾಲ್ಕು ಗಂಟೆ (2)". ಗೆಳೆಯ "ಹಿಂದಕ್ಕೆ ಅನ್ನುವುದನ್ನು ನೋಡು" ಅಂತ ಮಾತ್ರ ಹೇಳುತ್ತಾನೆ. ಹೊಳೆ ಅಂದರೆ ನದಿ. ಹಿಂದಿನಿಂದ ಓದಿದರೆ ದಿನ. ಕಂಡ ತಕ್ಷಣ ಮೈಯೆಲ್ಲಾ ಹಗುರ ಆಗುತ್ತದೆ! ಅದೇ ಜಾತಿಯದು "ಕಾಡು ಹಿಂದಿರುಗಿದರೆ ಹೊಸದು (2)". ವನ, ನವ. "ಹಿಂದಿನಿಂದ ನೋಡಿದರೂ ಕಣ್ಣೇ (3)" ಅಂದರೆ ನಯನ. ಎರಡು ಅರ್ಥದ್ದು ಬೇರೆ ರೀತಿ: "ಬಟ್ಟೆಗೆ ತಗುಲಿದರೆ ಬೇಸರ, ಕೈಗೆ ಹತ್ತಿದರೆ ಹೆಮ್ಮೆ (2)". ನನಗೆ ಕಲೆ ಅಂದರೆ ಬಟ್ಟೆಯ ಮೇಲಿನ ಕರೆಯೇ ಮೊದಲು ಕಾಣುವುದು, ಅವನಿಗೆ ಚಿತ್ರ, ಸಂಗೀತ. ಒಂದು ತಲೆಗೆ ಒಂದೇ ಅರ್ಥ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಇನ್ನೊಂದು ತಲೆ ಪಕ್ಕದಲ್ಲಿ ಇರುವುದು ಅದಕ್ಕೇ.

ಸುಳಿವನ್ನು ಯಾವಾಗಲೂ ಜೋರಾಗಿ ಓದಿ. ಕಣ್ಣಲ್ಲಿ ಓದುವಾಗ ದಾಟಿ ಹೋದ ಪದ ಬಾಯಲ್ಲಿ ಓದುವಾಗ ನಿಲ್ಲುತ್ತದೆ.

ನಮ್ಮ ಒಂದು ಸಂಜೆಯ ವಿಷಯ ಹೇಳಿದರೆ ನಿಮಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಸುಳಿವು "ಆಕಾಶದಲ್ಲೂ ಇದೆ, ಕ್ಯಾಲೆಂಡರಿನಲ್ಲೂ ಇದೆ (3)". ನಾನು ಓದಿ ಮುಗಿಸುವಷ್ಟರಲ್ಲಿ ಅವನು "ನಕ್ಷತ್ರ" ಅಂದ. ಸರಿಯಾಗಿಯೇ ಇತ್ತು. ಮೂರು ಅಕ್ಷರ, ಕ್ಯಾಲೆಂಡರಿನಲ್ಲಿ ದಿನದ ನಕ್ಷತ್ರ ಕೊಟ್ಟೇ ಇರುತ್ತಾರೆ. ನಾನು ಬರೆಯಲಿಲ್ಲ. "ಗ್ರಹಣವೂ ಆಗಬಹುದಲ್ವಾ?" ಅಂದೆ. ಅದೂ ಮೂರೇ. ಅದೂ ಎರಡೂ ಕಡೆ ಇದೆ. ಇಬ್ಬರೂ ಹಟ ಹಿಡಿದೆವು. ಕೊನೆಗೆ ನಡುವಿನ ಮನೆಯನ್ನು ದಾಟಿ ಕೆಳಗೆ ಇಳಿಯುವ ಪದಕ್ಕೆ ಹೋದೆವು: "ಬರೆಯಲು ಬೇಕು, ಬರೆದು ಕಳಿಸಿದರೂ ಅದೇ ಹೆಸರು (3)". ಇದು ನನಗೆ ಹೊಳೆಯಿತು. ಕಾಗದ. ಬರೆಯುವ ಹಾಳೆಯೂ ಕಾಗದ, ಅಂಚೆಗೆ ಹಾಕುವ ಪತ್ರವೂ ಕಾಗದ. ಬರೆದೆ. ನಡುವೆ ಗ ಬಂತು.

ಕ್ಷ ಅಲ್ಲ, ಹ ಅಲ್ಲ, ಗ. ನಕ್ಷತ್ರವೂ ಹೋಯಿತು, ಗ್ರಹಣವೂ ಹೋಯಿತು. ತುಂಬಾ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಅವನು ಕಿಟಕಿಯ ಕಡೆ ನೋಡುತ್ತಾ ಬೆಳದಿಂಗಳು, ಬೆಳದಿಂಗಳು ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಅದಕ್ಕೆ ಐದು ಮನೆ ಬೇಕು, ಇರುವುದು ಮೂರು. ನಾನು ಅದನ್ನೇ ಪೇಪರಿನ ಅಂಚಿನಲ್ಲಿ ಬರೆದೆ. ಬೆಳ ಒಂದು ಕಡೆ, ದಿಂಗಳು ಒಂದು ಕಡೆ. ದಿಂ ಮೇಲೆ ಪೆನ್ಸಿಲ್ ನಿಂತಿತು. ತಿಂಗಳು! ಹಳೆಗನ್ನಡದಲ್ಲಿ ತಿಂಗಳ್ ಅಂದರೆ ಚಂದ್ರ. ಬೆಳ್ಳಗಿನ ತಿಂಗಳೇ ಬೆಳದಿಂಗಳು. ಚಿಕ್ಕಂದಿನಿಂದ ಆಡುತ್ತಿದ್ದ ಪದ, ಅದರೊಳಗೆ ಚಂದ್ರ ಕೂತಿದ್ದಾನೆ ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಅವನಿಗೆ ಅರ್ಥ ಗೊತ್ತಿತ್ತು, ಆದರೆ ಕ್ಯಾಲೆಂಡರಿನ ತಿಂಗಳಿಗೆ ಅದನ್ನು ಸೇರಿಸಿ ನೋಡಿರಲಿಲ್ಲ. ಆ ಉತ್ತರ ಯಾರದು ಅಂತ ಕೇಳಿದರೆ ಇಬ್ಬರಿಗೂ ಹೇಳಲು ಬರುವುದಿಲ್ಲ.

ನಿಘಂಟು ನೋಡಬಹುದಾ ಅಂತಲೂ ಕೇಳಿದ್ದೀರಿ. ನೋಡಿ, ಆದರೆ ಇಬ್ಬರೂ ಕೈ ಚೆಲ್ಲಿದ ಮೇಲೆ, ಇಬ್ಬರೂ ಒಟ್ಟಿಗೆ. ಅದಕ್ಕೂ ಮೊದಲು ಪೇಪರ್ ಮಡಿಸಿಟ್ಟು ಬೇರೆ ಕೆಲಸಕ್ಕೆ ಹೋಗಿ. ಬೆಳಿಗ್ಗೆ ಗೋಡೆಯಂತೆ ನಿಂತಿದ್ದ ಸುಳಿವು ಸಂಜೆ ಎಷ್ಟೋ ಸಲ ತಾನಾಗಿ ತೆರೆದುಕೊಳ್ಳುತ್ತದೆ. ಕಿಟ್ಟೆಲ್ ಅವರ 1894ರ ನಿಘಂಟು ಹಳೆಯ ಪದಗಳಿಗೆ ಇವತ್ತಿಗೂ ಚೆನ್ನ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ಲೈಬ್ರರಿಯಲ್ಲಿ ಸಿಕ್ಕರೆ ಒಂದು ಮಧ್ಯಾಹ್ನ ಅಲ್ಲೇ ಕಳೆಯಿರಿ. ಅದಕ್ಕಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದೂ 1913ರಲ್ಲೇ, ಪದಬಂಧ ಹುಟ್ಟಿದ ವರ್ಷ. ಇದು ನನಗೆ ಯಾಕೋ ತುಂಬಾ ಇಷ್ಟದ ವಿಷಯ.

ಗೆಳತಿ ಊರಲ್ಲಿ ಇಲ್ಲದ ದಿನ ಫೋನಿನಲ್ಲೂ ನಡೆಯುತ್ತದೆ. ಇಬ್ಬರ ಹತ್ತಿರವೂ ಅದೇ ಪೇಪರ್ ಇದ್ದರೆ ಸಾಕು. ತುಂಬಿದ ಪದಬಂಧದ ಫೋಟೊ ಮಾತ್ರ ಕಳಿಸಬೇಡಿ, ಒಂದೇ ನೋಟಕ್ಕೆ ಎಲ್ಲಾ ಮುಗಿದುಹೋಗುತ್ತದೆ. "ಏಳನೆಯದರ ನಡುವೆ ರಿ ಇದೆ" ಅಂತ ಬಾಯಲ್ಲಿ ಹೇಳಿ.

ನಾಳೆಯಿಂದಲೇ ಶುರು ಮಾಡಿ. ಪೇಪರ್ ಬಿಡಿಸುವ ಮೊದಲು ನಿಮ್ಮ ಗೆಳತಿಗೆ ನಾನು ಮಾಡಿದ ಈ ಸುಳಿವನ್ನು ಓದಿ ಹೇಳಿ: "ತಿಳಿದುಕೊ, ಅವನು ವೈರಿ (2)". ಎರಡು ಅರ್ಥದ ಜಾತಿ. ಉತ್ತರ ಇಲ್ಲಿ ಬರೆಯುವುದಿಲ್ಲ. ಇವತ್ತು ರಾತ್ರಿ ನೀವು ಒಬ್ಬರೇ ಕೂತು ಬಿಡಿಸಿಕೊಂಡು ಹೋಗಿ. ನಾಳೆ ಅವರಿಗೆ ಮೆಟ್ಟಿಲು ಹಾಕಿಕೊಡುವ ಸರದಿ ನಿಮ್ಮದು.