ಏಳು ಗಂಟೆಗೆ ಹಕ್ಕಿ ಯಾಕಿಲ್ಲ?

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಉತ್ತರದಿಂದ ಇಳಿದು ಬರುವ ವಲಸೆ ಹಕ್ಕಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಕೋಡಿಬಾಗದ ಹತ್ತಿರ ನಮ್ಮ ಮನೆ. ಅಕ್ಟೋಬರ್‌ನಲ್ಲಿ ದಿನಾ ಬೆಳಿಗ್ಗೆ 7ಕ್ಕೆ ಕಾಳಿ ಅಳಿವೆಗೆ ಹೋಗುತ್ತೇನೆ. ಒಂದು ವಾರ ಹಿಂಡುಗಟ್ಟಲೆ ಹಕ್ಕಿ, ಮರುವಾರ ಒಂದೂ ಇಲ್ಲ. ಮುಂದಕ್ಕೆ ಹಾರಿಹೋದವೇ? (ಕಾರವಾರ)

ಹೋಗಿರಲಿಕ್ಕಿಲ್ಲ. ನೀವು ಗಡಿಯಾರ ನೋಡಿ ಹೊರಡುತ್ತೀರಿ, ಅವು ನೀರು ನೋಡಿ ಕೆಸರಿಗೆ ಮೇಯಲು ಇಳಿಯುತ್ತವೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಇವತ್ತು 7ಕ್ಕೆ ಕೆಸರು ತೆರೆದಿದ್ದರೆ, ಒಂದು ವಾರ ಕಳೆದು ಅದೇ 7ಕ್ಕೆ ಅದರ ಮೇಲೆ ನೀರು ತುಂಬಿರುತ್ತದೆ. ಹಕ್ಕಿಗಳು ಆಗ ನೀರು ಮುಟ್ಟದ ಮರಳುದಿಬ್ಬದ ಮೇಲೋ ಗದ್ದೆಯ ಕಟ್ಟೆಯ ಮೇಲೋ ಒತ್ತೊತ್ತಾಗಿ ಕೂತು ನಿದ್ದೆ ಮಾಡುತ್ತಿರುತ್ತವೆ.

ಇದಕ್ಕೆ ಪಂಚಾಂಗವೇ ಸಾಕು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಉಬ್ಬರ ಮಧ್ಯಾಹ್ನದ ಸುಮಾರಿಗೆ ಬೀಳುತ್ತದೆ. ಅಂದರೆ ಬೆಳಿಗ್ಗೆ 7ರಿಂದ 10ರವರೆಗೆ ನೀರು ಏರುತ್ತಿರುತ್ತದೆ, ಕೆಸರು ಕಿರಿದಾದಂತೆಲ್ಲ ಹಕ್ಕಿಗಳು ದಡದತ್ತ ಸರಿಯುತ್ತವೆ. ನೀವು ಕದಲದೆ ಒಂದೇ ಕಡೆ ಕೂತಿದ್ದರೆ ಅವೇ ಹತ್ತಿರ ಬರುತ್ತವೆ. ಅಷ್ಟಮಿಯ ಸುಮಾರಿಗೆ ಬೆಳಿಗ್ಗೆ ನೀರು ತುಂಬಿರುತ್ತದೆ, ಆ ದಿನಗಳಲ್ಲಿ ಇಳಿತ ಶುರುವಾದಾಗ ಹೋಗಿ. ತೀರ ಇಳಿತದಲ್ಲಿ ಹೋದರೆ ಹಕ್ಕಿಗಳಿರುತ್ತವೆ, ಆದರೆ ದೂರದ ಚುಕ್ಕೆಗಳಾಗಿ.

ಬೆಳಕಿನ ವಿಷಯ ಸುಲಭ: ಪಡುವಣಕ್ಕೆ ಮುಖ ಮಾಡಿದ ಕಡಲಂಚಿನಲ್ಲಿ ಬೆಳಿಗ್ಗೆ ಸೂರ್ಯ ಬೆನ್ನಿಗಿರುತ್ತಾನೆ. ಸಂಜೆ ಹೋದರೆ ಕಾಣುವುದೆಲ್ಲ ಕಪ್ಪು ನೆರಳು.

ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ) ಕೆಸರಿನಲ್ಲಿ ಓಡಾಡುವ ಸಣ್ಣ ಬೂದು ಹಕ್ಕಿಗಳೆಲ್ಲ ಒಂದೇ ಥರ ಕಾಣುತ್ತವೆ. ಎಲ್ಲಿಂದ ಶುರುಮಾಡಬೇಕು? (ಕುಮಟಾ)

ಬಣ್ಣದಿಂದ ಬೇಡ, ನಡಿಗೆಯಿಂದ ಶುರುಮಾಡಿ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಬಗ್ಗಿ ಒಂದು ಕುಕ್ಕು ಕುಕ್ಕುವುದು ಪ್ಲೋವರ್. ತಲೆಯೆತ್ತದೆ ಹೊಲಿಗೆ ಯಂತ್ರದ ಸೂಜಿಯಂತೆ ಕುಕ್ಕುತ್ತಲೇ ಹೋಗುವುದು ಸ್ಟಿಂಟ್ ಅಥವಾ ಅದರ ಬಳಗ. ಒಂಟಿಯಾಗಿ, ಹಿಂಭಾಗ ಕುಣಿಸುತ್ತ ನೀರಂಚಿನಲ್ಲಿ ನಡೆಯುವುದು ಗದ್ದೆಗೊರವ. ಅದರ ಎದೆಯ ಬಿಳಿ, ಭುಜದ ಮುಂದೆ ಕೊಕ್ಕೆಯಂತೆ ಮೇಲೇರಿರುತ್ತದೆ. ಎಲ್ಲಕ್ಕಿಂತ ಮೊದಲು, ಆಗಸ್ಟ್‌ನಲ್ಲೇ ಬಂದು ಸೇರುವವುಗಳಲ್ಲಿ ಅದೂ ಒಂದು.

ಪ್ಲೋವರ್ ಎಂದು ಖಾತ್ರಿಯಾದ ಮೇಲೆ ಕತ್ತಿನ ಹಿಂಭಾಗ ನೋಡಿ. ಬಿಳಿ ಪಟ್ಟಿ ಪೂರ್ತಿ ಸುತ್ತಿದ್ದರೆ ಕೆಂಟಿಷ್ ಪ್ಲೋವರ್. ಪಟ್ಟಿಯ ಜೊತೆ ಕಣ್ಣಿನ ಸುತ್ತ ಹಳದಿ ಉಂಗುರವೂ ಇದ್ದರೆ ಲಿಟಲ್ ರಿಂಗ್ಡ್. ಹಿಂಗತ್ತಿನಲ್ಲಿ ಬಿಳಿಯೇ ಇಲ್ಲದಿದ್ದರೆ ಸ್ಯಾಂಡ್ ಪ್ಲೋವರ್. ಇದರಲ್ಲೂ ಎರಡಿವೆ. ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿಯವರೆಗಿನ ಅಂತರಕ್ಕಿಂತ ಕೊಕ್ಕು ಉದ್ದವಿದ್ದರೆ ಗ್ರೇಟರ್, ಇಲ್ಲದಿದ್ದರೆ ಹಳೆಯ ಪುಸ್ತಕಗಳ ಲೆಸ್ಸರ್. ಈಗಿನ ಹಕ್ಕಿಹೆಸರುಗಳ ಪಟ್ಟಿಗಳು ನಮ್ಮಲ್ಲಿಗೆ ಬರುವ ಈ ಲೆಸ್ಸರ್ ಅನ್ನು ಟಿಬೆಟನ್ ಸ್ಯಾಂಡ್ ಪ್ಲೋವರ್ ಎನ್ನುತ್ತವೆ. ಆಗಸ್ಟ್‌ನಲ್ಲಿ ಕೆಲವಕ್ಕೆ ಎದೆಯ ಇಟ್ಟಿಗೆಗೆಂಪು ಇನ್ನೂ ಉಳಿದಿರುತ್ತದೆ, ಅಕ್ಟೋಬರ್ ಹೊತ್ತಿಗೆ ಎಲ್ಲ ಬೂದು.

ಕಾಲಿನ ಬಣ್ಣವನ್ನು ನಂಬಬೇಡಿ, ಕೆಸರು ಮೆತ್ತಿದ ಕಾಲಿಗೆ ಯಾವ ಬಣ್ಣವೂ ಇಲ್ಲ. ಬಿಸಿಲೇರಿದ ಮೇಲೆ ಕೆಸರಿನಿಂದ ಏಳುವ ಝಳಕ್ಕೆ ಕೊಕ್ಕಿನ ಉದ್ದವೂ ಅಲುಗಾಡುತ್ತದೆ, ಆಗ ‘ಸ್ಯಾಂಡ್ ಪ್ಲೋವರ್’ ಎಂದಷ್ಟೇ ಬರೆದುಕೊಳ್ಳಿ.

ಕಗ್ಗ ಭತ್ತದ ಕೊಯ್ಲು ಮುಗಿದು ಉಪ್ಪುನೀರು ಒಳಬಿಟ್ಟ ಮೇಲೆ ಗಜನಿಯ ಒಳಗಿನ ನೀರು ಜಂತ್ರಡಿಯ (ನೀರು ಬಿಡುವ, ತಡೆಯುವ ತೂಬಿನ) ಹಲಗೆಯ ಮಾತು ಕೇಳುತ್ತದೆ. ನೀರು ಹೊರಬಿಡುವ ಹೊತ್ತು ಯಾವುದೆಂದು ಗಜನಿಯವರನ್ನೇ ಕೇಳಿ, ಕಟ್ಟೆಯ ಮೇಲೆ ನಡೆಯಲು ಒಪ್ಪಿಗೆಯನ್ನೂ ಆಗಲೇ ಪಡೆಯಿರಿ. ಕೆಸರಿಗೆ ಇಳಿಯಬೇಡಿ, ಮೊಣಕಾಲುಮಟ್ಟ ಹೂತ ಮೇಲೆ ಒಬ್ಬರೇ ಹೊರಬರುವುದು ಕಷ್ಟ.

ಅಡಿಕೆ ತೋಟದಲ್ಲಿ ಪುಟ್ಟ ಹಸಿರು ಹಕ್ಕಿಯೊಂದು ಮೇಲೆಲ್ಲೋ ಕೂಗುತ್ತದೆ, ಕಾಣುವುದೇ ಇಲ್ಲ. ಹಕ್ಕಿಯ ಕೂಗು ಗುರುತಿಸುವ ಮರ್ಲಿನ್ ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತದೆ. (ಶಿರಸಿ)

ಉಲಿಯಕ್ಕಿಗಳು (ವಾರ್ಬ್ಲರ್) ಕಿವಿಗೆ ಸಿಗುವಷ್ಟು ಕಣ್ಣಿಗೆ ಸಿಗುವುದಿಲ್ಲ. ‘ಚಿಸ್ವೀ’ ಎಂದು ಒಂದೇ ಉಸಿರಿಗೆ ಜಾರಿಸಿದಂತಿದ್ದರೆ ಗ್ರೀನಿಷ್ ವಾರ್ಬ್ಲರ್. ಬಿಡಿಬಿಡಿಯಾಗಿ ಎರಡು ಸಿಳ್ಳೆ, ಎರಡನೆಯದು ತುಸು ಏರುಸ್ವರದಲ್ಲಿದ್ದರೆ ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರ್. ಕೆಳಗೆ ಪೊದೆಯಲ್ಲಿ ‘ಟಕ್… ಟಕ್’ ಅನ್ನುವುದು ಕಂದುಬಣ್ಣದ ಬ್ಲೈತ್ಸ್ ರೀಡ್ ವಾರ್ಬ್ಲರ್. ಆ್ಯಪ್ ಹೇಳಿದ್ದು ಸುಳಿವು ಮಾತ್ರ, ಜೀರುಂಡೆಯ ಸದ್ದಿನ ನಡುವೆ ಅದೂ ತಡಬಡಿಸುತ್ತದೆ. ಅದರ ಮಾತನ್ನೇ ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದ ಪಟ್ಟಿಗೆ ಏರಿಸಬೇಡಿ, ಖಚಿತವಿಲ್ಲದಿದ್ದರೆ ಅಲ್ಲಿ ‘ಉಲಿಯಕ್ಕಿ, ಜಾತಿ ತಿಳಿಯದು’ ಎನ್ನಲು ಜಾಗವಿದೆ.

ಮೇಲೆ ನೋಡಿ ಕತ್ತು ನೋಯುವ ಮೊದಲು ಅಡಿಕೆ ಸೋಗೆ ಬಿದ್ದ ನೆಲವನ್ನೂ ನೋಡಿ. ಮಿಕ್ಕ ಸಿಪಿಲೆಗಳು (ವ್ಯಾಗ್‌ಟೇಲ್) ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ, ಕಾಡು ಸಿಪಿಲೆ ಅಡ್ಡಡ್ಡ ಬಳುಕಿಸುತ್ತದೆ. ಉಂಬಳ (ಜಿಗಣೆ) ಹತ್ತದಂತೆ ತಡೆಯುವ ಕಾಲ್ಚೀಲ ಮರೆಯಬೇಡಿ.

ಯಾವ ಬೈನಾಕ್ಯುಲರ್ ಕೊಳ್ಳಲಿ? (ಅಂಕೋಲಾ)

8x42, ಅಂದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು. ಹತ್ತು ಪಟ್ಟಿನದು ಕೈನಡುಕವನ್ನೂ ಅಷ್ಟೇ ಪಟ್ಟು ಹೆಚ್ಚಿಸಿ ತೋರಿಸುತ್ತದೆ. ನಮ್ಮ ಹವೆಗೆ ನೀರು ನುಗ್ಗದ, ಒಳಗೆ ನೈಟ್ರೋಜನ್ ತುಂಬಿದ ಮಾದರಿಯೇ ಬೇಕು, ಇಲ್ಲವಾದರೆ ಮಳೆಗಾಲ ಕಳೆಯುವಷ್ಟರಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಕಡಲಿನಿಂದ ಬಂದ ಮೇಲೆ ಗಾಜನ್ನು ಒಣಬಟ್ಟೆಯಿಂದ ತಿಕ್ಕಬೇಡಿ, ಉಪ್ಪಿನ ಹರಳು ಗೀರುತ್ತದೆ. ಮೊದಲು ಸಿಹಿನೀರಿನಿಂದ ತೊಳೆದು, ಆಮೇಲೆ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಕಾರವಾರದ ಕಡೆ ಹೊರಟರೆ ಅರ್ಗಾದ ನೌಕಾನೆಲೆಯ ಸುತ್ತಮುತ್ತ ಅದನ್ನು ಚೀಲದಿಂದ ಹೊರತೆಗೆಯಲೇಬೇಡಿ.