ಯಾರನ್ನು ಸೂಪರ್‌ವೈಸರ್ ಮಾಡಲಿ?

ಪ್ರಶ್ನೆ: ಶರಣು ಸರ್. ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ದಾಲ್ ಮಿಲ್ ಇದೆ. ಅಪ್ಪನ ಕಾಲದಿಂದ ಇದ್ದ ಸೂಪರ್‌ವೈಸರ್ ಕಾಕಾ ದೀಪಾವಳಿಗೆ ಕೆಲಸ ಬಿಡುತ್ತಿದ್ದಾರೆ. ಆ ಜಾಗಕ್ಕೆ ಇಬ್ಬರಿದ್ದಾರೆ. ಒಬ್ಬರು ಹಿರಿಯ ಆಪರೇಟರ್. ಸಪ್ಪಳ ಕೇಳಿಯೇ ಮಷಿನ್ನಿಗೆ ಏನಾಗಿದೆ ಅಂತ ಹೇಳುತ್ತಾರೆ. ಇನ್ನೊಬ್ಬ ಗ್ರೇಡಿಂಗ್ ನೋಡಿಕೊಳ್ಳುವ ಹುಡುಗ, ಐಟಿಐ ಓದಿದವನು, ಎಲ್ಲರಿಗೂ ಬೇಕಾದವನು. ಹಿರಿಯರನ್ನು ಬಿಟ್ಟರೆ ಅವರಿಗೆ ಬೇಜಾರಾಗುತ್ತದೆ. ಹುಡುಗನನ್ನು ಮಾಡಿದರೆ ಹಮಾಲರು ಮಾತು ಕೇಳುತ್ತಾರೋ ಇಲ್ಲವೋ. ಏನು ಮಾಡಲಿ?
– ಮಿಲ್ ಮಾಲೀಕ, ಕಲಬುರಗಿ

ಉತ್ತರ: ಶರಣು. ಒಳ್ಳೆಯ ಆಪರೇಟರ್ ಅನ್ನುವ ಒಂದೇ ಕಾರಣಕ್ಕೆ ಹಿರಿಯರನ್ನು ಕೂರಿಸಬೇಡಿ. ಎಲ್ಲರಿಗೂ ಬೇಕಾದವನು ಅಂತ ಹುಡುಗನನ್ನೂ ಕೂರಿಸಬೇಡಿ. ದಿನಾ ತಡವಾಗಿ ಬರುವವನಿಗೆ ನಾಲ್ಕು ಮಾತು ಹೇಳುವ ಹೊತ್ತಿನಲ್ಲಿ ಅವನು ಬಾಯಿ ಕಟ್ಟಿಕೊಂಡು ನಿಂತರೆ?

ಅಮೆರಿಕದ 131 ಕಂಪನಿಗಳ ಮಾರಾಟ ಸಿಬ್ಬಂದಿಯ ಲೆಕ್ಕ ತೆಗೆದು ಅರ್ಥಶಾಸ್ತ್ರಜ್ಞರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಾಸ್ತಿ ಮಾರಿದವರಿಗೇ ಬಡ್ತಿ ಸಿಗುತ್ತಿತ್ತು. ಆದರೆ ಅಂಥವರ ಕೈಕೆಳಗಿನವರ ಮಾರಾಟ ಇಳಿಯಿತು. ಮೊದಲಿನಿಂದ ಇತರರ ಜೊತೆ ಸೇರಿ ಮಾರಿದವರು ಮ್ಯಾನೇಜರ್ ಆಗಿ ಚೆನ್ನಾಗಿ ನಡೆಸಿದರು.

ಸಿಮೆಂಟ್ ಕಾರ್ಖಾನೆಯಲ್ಲಿ ಸಿಬ್ಬಂದಿ ನೋಡಿಕೊಳ್ಳುವ ಪರ್ಸೊನೆಲ್ ಆಫೀಸರ್ ಆಗಿದ್ದಾಗ ನಾನು ಮೊದಲು ನೋಡುತ್ತಿದ್ದದ್ದು ಒಂದೇ. ಬೇರೆಯವನು ತಪ್ಪು ಮಾಡಿದಾಗ ಇವನು ಏನು ಮಾಡುತ್ತಾನೆ? ನಿಮ್ಮ ಮಿಲ್ಲಿನಲ್ಲೂ ಅದನ್ನೇ ನೋಡಿ. ರೋಲರ್ ಹತ್ತಿರ ಹೊಸ ಹುಡುಗ ನಿಂತಿದ್ದಾನೆ. ನುಚ್ಚು ಜಾಸ್ತಿ ಬರುತ್ತಿದೆ. ಒಬ್ಬರು ಬಂದು, ಅವನನ್ನು ಪಕ್ಕಕ್ಕೆ ಸರಿಸಿ, ತಾವೇ ಸರಿಮಾಡಿ ಹೋಗುತ್ತಾರೆ. ಎರಡು ನಿಮಿಷದ ಕೆಲಸ. ಇನ್ನೊಬ್ಬರು ಅವನ ಅಂಗೈಗೆ ಒಂದು ಹಿಡಿ ತೊಗರಿ ಹಾಕಿ, "ಕಡ್ದು ನೋಡು, ಒಣಗ್ಯಾದೇನು?" ಅಂತ ಕೇಳುತ್ತಾರೆ. ಕಾಳು ಎಷ್ಟು ಬಿಡಬೇಕು ಅನ್ನುವುದನ್ನು ಅವನ ಕೈಯಿಂದಲೇ ಹೊಂದಿಸುತ್ತಾರೆ. ಹತ್ತು ನಿಮಿಷ ಹಿಡಿಯುತ್ತದೆ. ನಿಮಗೆ ಬೇಕಾದವರು ಇವರು. ಅದು ಆ ಹಿರಿಯರೇ ಇದ್ದರೂ ಇರಬಹುದು!

ಹೊಸ ತೊಗರಿ ಬರುವುದು ಡಿಸೆಂಬರ್ ಕೊನೆಗೆ, ಜನವರಿಗೆ. ಆ ಗದ್ದಲದಲ್ಲಿ ಪರೀಕ್ಷೆ ಮಾಡಲು ಆಗುವುದಿಲ್ಲ. ಈಗಲೇ, ಕಾಕಾ ಇರುವಾಗಲೇ, ಇಬ್ಬರಿಗೂ ಮೂರು ಮೂರು ವಾರ ಜವಾಬ್ದಾರಿ ಕೊಡಿ. ಹಾಜರಿ, ಲಾರಿ ಲೋಡಿಂಗ್, ಹಮಾಲರ ಲೆಕ್ಕ, ರಜೆ ಕೇಳಿದವರಿಗೆ ಹೂಂ ಅಥವಾ ಉಹೂಂ ಅನ್ನುವುದು, ಎಲ್ಲ ಅವರದೇ. ಆ ವಾರಗಳಿಗೆ ಸ್ವಲ್ಪ ಹೆಚ್ಚಿನ ದುಡ್ಡೂ ಕೊಡಿ, ಸುಮ್ನೆ ದುಡಿಸಬೇಡಿ. ಯಾರಾದರೂ ನೇರ ನಿಮ್ಮ ಕ್ಯಾಬಿನ್ನಿಗೆ ಬಂದರೆ ವಾಪಸ್ ಅವರ ಹತ್ತಿರವೇ ಕಳಿಸಿ. ಇದು ನಿಮಗೆ ಕಷ್ಟವಾಗುತ್ತದೆ. ಆದರೆ ಮಾಲೀಕರೇ ಸೂಪರ್‌ವೈಸರನ್ನು ದಾಟಿ ಹಮಾಲರಿಗೆ ಕೆಲಸ ಹೇಳತೊಡಗಿದರೆ ಅವನ ಮಾತಿಗೆ ಕಿಮ್ಮತ್ತು ಉಳಿಯುವುದಿಲ್ಲ. ಹಮಾಲರು ಮಾತು ಕೇಳುತ್ತಾರೋ ಅಂದಿರಲ್ಲ, ಅದು ಅರ್ಧ ನಿಮ್ಮ ಕೈಯಲ್ಲೇ ಇದೆ.

ಆರಿಸಿದವರಿಗೆ ಕಲಿಸುವ ಕೆಲಸವನ್ನೂ ಕಲಿಸಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಏನೂ ಗೊತ್ತಿಲ್ಲದ ಹೊಸಬರು ತುಂಬಿಕೊಂಡರು. ಆಗ ಅಲ್ಲಿನ ಸರ್ಕಾರ ಮೇಸ್ತ್ರಿಗಳಿಗೆಂದೇ 10 ಗಂಟೆಯ ತರಬೇತಿ ಶುರು ಮಾಡಿತು. ಮೊದಲು ಕಲಿಯುವವನ ಅಂಜಿಕೆ ಬಿಡಿಸು. ಮಾಡಿ ತೋರಿಸು. ಅವನಿಂದ ಮಾಡಿಸಿ ನೋಡು. ಆಮೇಲೆ ಆಗಾಗ ಬಂದು ವಿಚಾರಿಸು. ಇಷ್ಟೇ ಪಾಠ. ನಮ್ಮ ಕಡೆ ಮಾಡಿ ತೋರಿಸಿ ಕೈ ತೊಳೆದುಕೊಳ್ಳುವವರೇ ಜಾಸ್ತಿ. ಕಾಕಾ ಹೋಗುವ ಮುಂಚೆ ಈ ನಾಲ್ಕನ್ನೂ ಅವರ ಎದುರಿಗೇ ರೂಢಿ ಮಾಡಿಸಿ.

ಇನ್ನು ಆ ಹಿರಿಯರ ವಿಷಯ. ಅವರಿಗೆ ಈ ಹುದ್ದೆ ಬೇಕಾ ಅಂತ ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅದಿಲ್ಲ. ಎಷ್ಟೋ ಜನರಿಗೆ ಮಷಿನ್ ಬಿಟ್ಟು ರಜಿಸ್ಟರ್ ಹಿಡಿಯುವುದು ಬೇಡವೇ ಬೇಡ. ಸಂಬಳ ಏರಲು ಬೇರೆ ದಾರಿ ಇಲ್ಲ ಅಂತ ಒಪ್ಪಿಕೊಳ್ಳುತ್ತಾರೆ, ಅಷ್ಟೇ. ಇದು ಅನ್ಯಾಯ. ಹುಡುಗನನ್ನೇ ಆರಿಸಿದರೂ ಹಿರಿಯರ ಸಂಬಳ ಏರಿಸಿ. ಹೆಡ್ ಆಪರೇಟರ್ ಮಾಡಿ, ಮಷಿನ್ ನಿಲ್ಲಿಸುವ, ರಿಪೇರಿ ಹೇಳುವ ಅಧಿಕಾರ ಅವರಿಗೇ ಕೊಡಿ. ಈ ಸುದ್ದಿ ಅವರಿಗೆ ಲೋಡಿಂಗ್ ಹತ್ತಿರ ಯಾರದೋ ಬಾಯಿಂದ ತಿಳಿಯಬಾರದು. ಬೇರೆ ಯಾರಿಗೂ ಹೇಳುವ ಮೊದಲು ಅವರೊಬ್ಬರನ್ನೇ ಕೂರಿಸಿಕೊಂಡು, ಕಾರಣ ಸಮೇತ ನೀವೇ ಹೇಳಿ.